ಡಾಕ್ಟರಿಗೆಂದು ತೆಗೆದ ಫೋಟೋ, ಅದನ್ನು ನೋಡುವ ಯಂತ್ರ

ಕಳೆದ ಮಳೆಗಾಲದಲ್ಲಿ ನನ್ನ ಮಗಳಿಗೆ ಡೈಪರ್ ಕಟ್ಟುವ ಜಾಗದಲ್ಲಿ ಕೆಂಪಗೆ ಗುಳ್ಳೆ ಎದ್ದಿತ್ತು. ರಾತ್ರಿ ಹತ್ತು ಗಂಟೆ. ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. "ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿ, ನೋಡಿ ಹೇಳ್ತೀನಿ" ಅಂದರು. ಮನೆಯವರು ಟಾರ್ಚ್ ಹಿಡಿದರು, ನಾನು ಎರಡು ಫೋಟೋ ತೆಗೆದೆ. ಹತ್ತು ನಿಮಿಷಕ್ಕೆ ಮುಲಾಮಿನ ಹೆಸರು ಬಂತು.

ನಾಲ್ಕು ದಿನ ಬಿಟ್ಟು ಬೇರೇನೋ ಹುಡುಕಲು ಲ್ಯಾಪ್‌ಟಾಪ್ ತೆಗೆದರೆ, ಅದೇ ಎರಡು ಫೋಟೋ ಅಲ್ಲೂ ಕೂತಿದ್ದವು. ನಾನು ಕಳಿಸಿದ್ದು ಡಾಕ್ಟರಿಗೆ ಮಾತ್ರ. ಆದರೆ ಫೋನು ತಾನೇ ತಾನಾಗಿ ಅವನ್ನು ಕ್ಲೌಡ್‌ಗೂ, ಅಂದರೆ ಕಂಪನಿಯವರು ಇಂಟರ್ನೆಟ್ಟಿನಲ್ಲಿ ಇಟ್ಟಿರುವ ಉಗ್ರಾಣಕ್ಕೂ, ಕಳಿಸಿತ್ತು. ಅಲ್ಲಿ ಅವನ್ನು ಯಾರು ನೋಡುತ್ತಾರೆ ಎಂದು ಯೋಚಿಸಿದಾಗ ನನಗೆ ನೆನಪಾಗಿದ್ದು ಅಮೆರಿಕದ ಒಬ್ಬ ಅಪ್ಪನ ಕಥೆ.

2021ರ ಫೆಬ್ರವರಿ. ಕೋವಿಡ್ ಕಾಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬರ ಪುಟ್ಟ ಮಗನಿಗೆ ಮರ್ಮಾಂಗದ ಹತ್ತಿರ ಊತ ಬಂದು ನೋಯುತ್ತಿತ್ತು. ಶುಕ್ರವಾರ ರಾತ್ರಿ ಆಸ್ಪತ್ರೆಗೆ ಫೋನ್ ಮಾಡಿದರೆ, ಮಾರನೆಯ ದಿನ ವಿಡಿಯೋದಲ್ಲಿ ಡಾಕ್ಟರ್ ನೋಡುತ್ತಾರೆ, ಅದಕ್ಕೂ ಮೊದಲು ಫೋಟೋ ಕಳಿಸಿ ಎಂದು ನರ್ಸ್ ಹೇಳಿದರು. ಅಪ್ಪನ ಫೋನಿನಲ್ಲಿದ್ದ ಫೋಟೋಗಳನ್ನು ಅಮ್ಮ ತನ್ನ ಫೋನಿಗೆ ಹಾಕಿಕೊಂಡು ಆಸ್ಪತ್ರೆಗೆ ಕಳಿಸಿದರು. ಊತ ಸರಿಯಾಗಿ ಕಾಣಲಿ ಎಂದು ಹಿಡಿದಿದ್ದ ಅಪ್ಪನ ಕೈ ಒಂದು ಫೋಟೋದಲ್ಲಿ ಬಂದಿತ್ತು. ಡಾಕ್ಟರ್ ಸೋಂಕು ಎಂದರು, ಆಂಟಿಬಯಾಟಿಕ್ ಕೊಟ್ಟರು, ಮಗು ಹುಷಾರಾಯಿತು.

ಆದರೆ ಅಪ್ಪನ ಫೋನಿನಿಂದ ಆ ಫೋಟೋಗಳು ಗೂಗಲ್ ಕ್ಲೌಡ್‌ಗೆ ತಾವಾಗಿಯೇ ಹೋಗಿದ್ದವು. ಅಲ್ಲಿನ ಎಐ ಅವನ್ನು ಮಕ್ಕಳ ಲೈಂಗಿಕ ದೌರ್ಜನ್ಯದ ಚಿತ್ರ ಎಂದು ಗುರುತಿಸಿತು. ಕೆಲವೇ ದಿನದಲ್ಲಿ ಅವರ ಖಾತೆ ಬಂದ್. ಹತ್ತು ವರ್ಷಕ್ಕೂ ಹೆಚ್ಚಿನ ಇಮೇಲ್, ಮಗ ಹುಟ್ಟಿದಾಗಿನಿಂದ ತೆಗೆದ ಫೋಟೋ, ಫೋನ್ ನಂಬರ್ ಕೂಡ ಹೋಯಿತು, ಯಾಕೆಂದರೆ ಸಿಮ್ ಸೇವೆಯೂ ಅದೇ ಕಂಪನಿಯದು. ದೂರು ಪೊಲೀಸರಿಗೆ ಹೋಯಿತು. ಪೊಲೀಸರು ವಾರಂಟ್ ತೆಗೆದುಕೊಂಡು ಅವರ ಖಾತೆಯಲ್ಲಿದ್ದ ಹುಡುಕಾಟ, ಓಡಾಡಿದ ಜಾಗ, ಸಂದೇಶ, ಫೋಟೋ, ವಿಡಿಯೋ ಎಲ್ಲ ತರಿಸಿಕೊಂಡು ನೋಡಿದರು. ನೋಡಿ, ಅಪರಾಧ ಏನೂ ನಡೆದಿಲ್ಲ ಎಂದು ಕೇಸು ಮುಚ್ಚಿದರು. ಇದು ಅಪ್ಪನಿಗೆ ಗೊತ್ತಾಗಿದ್ದು ಆ ವರ್ಷದ ಡಿಸೆಂಬರಿನಲ್ಲಿ, ಅಂಚೆಯಲ್ಲಿ ಲಕೋಟೆ ಬಂದ ಮೇಲೆ. ಅವರನ್ನು ಸಂಪರ್ಕಿಸಲು ಪೊಲೀಸರು ನೋಡಿದ್ದರು, ಆದರೆ ಫೋನೂ ಇಲ್ಲ, ಇಮೇಲೂ ಇಲ್ಲ! ಪೊಲೀಸರೇ ತಪ್ಪಿಲ್ಲ ಎಂದರೂ ಕಂಪನಿ ಖಾತೆ ವಾಪಸ್ ಕೊಡಲಿಲ್ಲ. 2022ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬರೆದಾಗ ಜಗತ್ತಿಗೆ ಗೊತ್ತಾಯಿತು. ಹ್ಯೂಸ್ಟನ್‌ನಲ್ಲೂ ಒಬ್ಬ ಅಪ್ಪನಿಗೆ ಹೀಗೇ ಆಗಿತ್ತು.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. ಗುಜರಾತಿನ ಒಬ್ಬ ಎಂಜಿನಿಯರ್ ತಮ್ಮ ಬಾಲ್ಯದ ಫೋಟೋಗಳನ್ನು ಕ್ಲೌಡ್‌ಗೆ ಹಾಕಿದ್ದರು. ಅದರಲ್ಲಿ ಎರಡು ವರ್ಷದವರಿದ್ದಾಗ ಅಜ್ಜಿ ಸ್ನಾನ ಮಾಡಿಸುತ್ತಿದ್ದ ಒಂದು ಫೋಟೋ ಇತ್ತು. 2023ರಲ್ಲಿ ಖಾತೆ ಬಂದ್ ಆಯಿತು. ಅವರು ಗುಜರಾತ್ ಹೈಕೋರ್ಟಿಗೆ ಹೋದರು, 2024ರ ಮಾರ್ಚಿನಲ್ಲಿ ಕೋರ್ಟ್ ಗೂಗಲ್ ಕಂಪನಿಗೆ ನೋಟಿಸ್ ಕೊಟ್ಟಿತು. ನಮ್ಮ ಯಾವ ಮನೆಯ ಆಲ್ಬಮ್‌ನಲ್ಲಿ ಇಂಥ ಫೋಟೋ ಇಲ್ಲ ಹೇಳಿ? ಬಚ್ಚಲಲ್ಲಿ ಕಾಲು ಚಾಚಿ ಕೂತ ಅಜ್ಜಿ, ಕಾಲ ಮೇಲೆ ಎಣ್ಣೆ ಹಚ್ಚಿಸಿಕೊಂಡು ಬೋರಲಾಗಿ ಮಲಗಿದ ಕೂಸು, ಪಕ್ಕದಲ್ಲಿ ಬಿಸಿನೀರಿನ ಹಂಡೆ. ಮಗುವಿಗೆ ಎರೆಯುವುದು ನಮಗೆ ಸಂಭ್ರಮ. ಯಂತ್ರಕ್ಕೆ ಅದು ಬಟ್ಟೆ ಇಲ್ಲದ ಮಗು, ಅದರ ಮೇಲೊಂದು ದೊಡ್ಡವರ ಕೈ, ಅಷ್ಟೇ.

ಇದನ್ನೆಲ್ಲ ಓದಿ ಈ ಯಂತ್ರಗಳೇ ಬೇಡ ಅನ್ನಬೇಡಿ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಓಡಾಡುವ ಪ್ರಮಾಣ ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅಮೆರಿಕದಲ್ಲಿ ಇಂಥ ದೂರುಗಳನ್ನು ಸೇರಿಸುವ ಎನ್‌ಸಿಎಂಇಸಿ ಎಂಬ ಸಂಸ್ಥೆಗೆ 2021 ಒಂದೇ ವರ್ಷದಲ್ಲಿ 2.93 ಕೋಟಿ ವರದಿ ಬಂದಿದ್ದವು. ಭಾರತಕ್ಕೆ ಸೇರಿದವು ಇಲ್ಲಿಗೂ ಬರುತ್ತವೆ. 2019ರ ಒಪ್ಪಂದದಂತೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ ಬಂದು, ಅಲ್ಲಿಂದ ಆಯಾ ರಾಜ್ಯದ ಪೊಲೀಸರಿಗೆ. ಮನುಷ್ಯರು ಕೂತು ಇಷ್ಟನ್ನು ಹುಡುಕಲು ಆಗುವ ಮಾತಲ್ಲ. ಯಂತ್ರ ಬೇಕು. ಆದರೆ ಯಾವ ಯಂತ್ರ, ಅದು ಏನನ್ನು ನೋಡಬೇಕು, ನೋಡಿದ್ದನ್ನು ಯಾರಿಗೆ ಹೇಳಬೇಕು ಅನ್ನುವುದರಲ್ಲೇ ವಿಷಯ ಇದೆ.

ಯಂತ್ರಗಳಲ್ಲಿ ಎರಡು ಜಾತಿ. ಹೆಚ್ಚಿನವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಒಂದು, ಬೆರಳಚ್ಚು ಹೋಲಿಸುವುದು. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ಸೇರಿ ಫೋಟೋಡಿಎನ್‌ಎ ಎಂಬುದನ್ನು ಕಟ್ಟಿದರು. ಅದು ಫೋಟೋದ ಬಣ್ಣ ತೆಗೆದು, ಎಲ್ಲವನ್ನೂ ಒಂದೇ ಅಳತೆಗೆ ತಂದು, ಸಣ್ಣ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಕಪ್ಪು ಬಿಳುಪು ಹೇಗೆ ಬದಲಾಗುತ್ತದೆ ಎಂಬುದನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಆ ಅಂಕಿಗಳ ಸಾಲೇ ಫೋಟೋದ ಬೆರಳಚ್ಚು. ಈಗಾಗಲೇ ಸಿಕ್ಕಿರುವ, ದೌರ್ಜನ್ಯದ್ದೇ ಎಂದು ಗೊತ್ತಿರುವ ಚಿತ್ರಗಳ ಬೆರಳಚ್ಚಿನ ಪಟ್ಟಿ ಇರುತ್ತದೆ. ಹೊಸ ಫೋಟೋದ ಬೆರಳಚ್ಚು ಅದಕ್ಕೆ ತಾಳೆಯಾದರೆ ಮಾತ್ರ ಗಂಟೆ ಬಾರಿಸುತ್ತದೆ. ನನ್ನ ಮಗಳ ಗುಳ್ಳೆಯ ಫೋಟೋ ಯಾವ ಪಟ್ಟಿಯಲ್ಲೂ ಇಲ್ಲವಲ್ಲ, ಹಾಗಾಗಿ ಈ ಯಂತ್ರದ ಮುಂದೆ ಅದು ಸುಮ್ನೆ ದಾಟಿ ಹೋಗುತ್ತದೆ. ಫೋಟೋದಲ್ಲಿ ಏನಿದೆ ಎಂದು ಇದಕ್ಕೆ ತಿಳಿಯುವುದೇ ಇಲ್ಲ. ನನ್ನ ಪ್ರಕಾರ ಅದೇ ಇದರ ದೊಡ್ಡ ಗುಣ.

ಕೊರತೆಯೂ ಅಲ್ಲೇ ಇದೆ. ನಿನ್ನೆ ರಾತ್ರಿ ಒಂದು ಮಗುವಿಗೆ ಹಿಂಸೆ ಕೊಟ್ಟು ತೆಗೆದ ಹೊಸ ಚಿತ್ರ ಪಟ್ಟಿಯಲ್ಲಿ ಇರುವುದಿಲ್ಲ. ಆ ಮಗು ಈಗಲೂ ಅದೇ ಮನೆಯಲ್ಲಿರಬಹುದು. ಅದಕ್ಕಾಗಿಯೇ 2018ರಲ್ಲಿ ಗೂಗಲ್ ಎರಡನೇ ಜಾತಿಯದನ್ನು ತಂದಿತು. ಇದು ಎಐ. ಹಿಂದೆ ಯಾರೂ ನೋಡಿರದ ಚಿತ್ರವನ್ನೂ ನೋಡಿ, ಹೋಲಿಕೆಯ ಮೇಲೆ ಅಂದಾಜು ಹೇಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಅಪ್ಪ ಸಿಕ್ಕಿಬಿದ್ದದ್ದು ಈ ಬಗೆಯ ಯಂತ್ರದ ಕೈಗೆ.

ಅಂದಾಜು ಎಷ್ಟೇ ಚೆನ್ನಾಗಿದ್ದರೂ ಲೆಕ್ಕ ಎಲ್ಲಿ ಕೈಕೊಡುತ್ತದೆ ನೋಡಿ. ಇದು ನಾನು ಸುಮ್ನೆ ಮಾಡುತ್ತಿರುವ ಲೆಕ್ಕ. ಹತ್ತು ಕೋಟಿ ಫೋಟೋ ಇವೆ ಅಂದುಕೊಳ್ಳಿ. ಲಕ್ಷಕ್ಕೆ ಒಂದು ನಿಜವಾಗಿ ದೌರ್ಜನ್ಯದ ಚಿತ್ರ. ಅಂದರೆ ಒಟ್ಟು ಸಾವಿರ. ಯಂತ್ರ ಸಾವಿರಕ್ಕೆ ಒಂದೇ ಒಂದು ಸಲ ತಪ್ಪುತ್ತದೆ ಅನ್ನೋಣ. ಬಹಳ ಒಳ್ಳೆಯ ಯಂತ್ರ ಅಲ್ವಾ? ಆ ಸಾವಿರದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಅದು ಹಿಡಿಯುತ್ತದೆ. ಜೊತೆಗೆ ಏನೂ ತಪ್ಪಿಲ್ಲದ ಒಂದು ಲಕ್ಷ ಫೋಟೋಗಳನ್ನೂ ಹಿಡಿಯುತ್ತದೆ. ಅಂದರೆ ಹಿಡಿದ ನೂರರಲ್ಲಿ ಒಂದು ಮಾತ್ರ ನಿಜ. ಅಪರೂಪದ್ದನ್ನು ಹುಡುಕುವ ಯಾವ ಪರೀಕ್ಷೆಗೂ ಇದೇ ಗತಿ. ರಕ್ತ ಪರೀಕ್ಷೆ ಮಾಡುವ ಲ್ಯಾಬಿನವರಿಗೆ ಇದು ಚೆನ್ನಾಗಿ ಗೊತ್ತು. ಮೊದಲ ಪರೀಕ್ಷೆಯ ಫಲಿತಾಂಶವನ್ನೇ ರೋಗ ಎಂದು ಅವರು ಬರೆದುಕೊಡುವುದಿಲ್ಲ.

ಮಧ್ಯೆ ಮನುಷ್ಯರು ನೋಡುತ್ತಾರಲ್ಲ ಅನ್ನಬಹುದು. ಆ ಅಪ್ಪನ ಪ್ರಕರಣದಲ್ಲೂ ಕಂಪನಿಯ ಪರಿಶೀಲಕರು ನೋಡಿಯೇ ದೂರು ಕಳಿಸಿದ್ದು. ಆದರೆ ಅವರ ಕಣ್ಣ ಮುಂದೆ ಇದ್ದದ್ದು ಚಿತ್ರ ಮಾತ್ರ. ಮಗುವಿನ ನೋವು, ನರ್ಸ್ ಹೇಳಿದ ಮಾತು, ಡಾಕ್ಟರ್ ಬರೆದ ಚೀಟಿ, ಯಾವುದೂ ಇರಲಿಲ್ಲ. ಡಾಕ್ಟರಿಗೆ ಬೇಕಾದ ಫೋಟೋ, ದುಷ್ಟನಿಗೆ ಬೇಕಾದ ಫೋಟೋ ಎರಡೂ ನೋಡಲು ಒಂದೇ ಥರ ಇರಬಹುದು. ಬೇರೆ ಮಾಡುವುದು ಫೋಟೋದ ಹೊರಗಿರುವ ಸಂಗತಿ. ಅದನ್ನು ಕೇಳದೆ ಯಾರೂ ತೀರ್ಮಾನ ಮಾಡಬಾರದು, ಯಂತ್ರವೂ, ಮನುಷ್ಯರೂ.

ಐರ್ಲೆಂಡಿನ ಪೊಲೀಸರ 2020ರ ಲೆಕ್ಕ ಇದನ್ನೇ ಹೇಳುತ್ತದೆ. ಅಮೆರಿಕದಿಂದ ಅವರಿಗೆ ಬಂದ 4,192 ದೂರುಗಳಲ್ಲಿ 852 ಮಾತ್ರ ದೌರ್ಜನ್ಯದ ಚಿತ್ರ ಎಂದು ಖಚಿತವಾಯಿತು. 471 ಪೂರ್ತಿ ತಪ್ಪು. ಆ 852ರ ಹಿಂದೆ ಇರುವ ಮಕ್ಕಳನ್ನು ಮರೆಯುವಂತಿಲ್ಲ. ಆದರೆ ತಪ್ಪು ದೂರು ನೋಡುತ್ತ ಕಳೆದ ಪ್ರತಿ ಗಂಟೆಯೂ ಆ ಮಕ್ಕಳಿಗೆ ಸಿಗಬೇಕಾದ ಗಂಟೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. 2021ರಲ್ಲಿ ಹಿಂಸೆಗೆ ಒಳಗಾಗಿರಬಹುದಾದ 4,260ಕ್ಕೂ ಹೆಚ್ಚು ಹೊಸ ಮಕ್ಕಳ ಬಗ್ಗೆ ಪೊಲೀಸರಿಗೆ ಸುಳಿವು ಕೊಟ್ಟಿದ್ದೇವೆ ಎಂದು ಎನ್‌ಸಿಎಂಇಸಿ ಹೇಳಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಮತ್ತು ಹ್ಯೂಸ್ಟನ್ನಿನ ಆ ಇಬ್ಬರು ಹುಡುಗರೂ ಆ ಲೆಕ್ಕದಲ್ಲಿ ಸೇರಿದ್ದರು. ಸೋಂಕಾಗಿ ವಾಸಿಯಾದ ಮಕ್ಕಳು. ಅವರ ಕಾಯಿಲೆ, ಅವರ ಮೈ, ಅವರ ಮನೆಯ ಮಾತು ಎಲ್ಲ ಅವರಿಗೆ ತಿಳುವಳಿಕೆ ಬರುವ ಮೊದಲೇ ಅಪರಿಚಿತರ ಕಡತ ಸೇರಿತ್ತು.

ಈಗ ಆಸ್ಪತ್ರೆಯೊಳಗೆ ಬನ್ನಿ. ದೌರ್ಜನ್ಯ ಹುಡುಕುವ ಕೆಲಸ ಅಲ್ಲೂ ನಡೆಯುತ್ತದೆ, ಅಲ್ಲಿ ಅದು ಬೇರೆ ಥರ. ಗಾಯ ಆದ ಪುಟ್ಟ ಮಗುವನ್ನು ತಂದಾಗ "ಮಂಚದಿಂದ ಬಿತ್ತು" ಅನ್ನುತ್ತಾರೆ. ನಿಜವೇ ಇರಬಹುದು. ಎಲ್ಲ ಸಲ ಅಲ್ಲ. ಅಮೆರಿಕದ ವೈದ್ಯರು ಇದಕ್ಕೆ ಟೆನ್-ಫೋರ್-ಫೇಸಸ್-ಪಿ ಎಂಬ ಒಂದು ಸರಳ ನಿಯಮ ಕಟ್ಟಿದ್ದಾರೆ. ನಾಲ್ಕು ವರ್ಷದೊಳಗಿನ ಮಗುವಿಗೆ ಎದೆ, ಹೊಟ್ಟೆ, ಬೆನ್ನು, ಕಿವಿ, ಕುತ್ತಿಗೆ, ಕೆನ್ನೆಯ ಮೆದು ಭಾಗ, ದವಡೆಯ ಮೂಲೆ, ಕಣ್ಣಿನ ರೆಪ್ಪೆ ಇಂಥಲ್ಲಿ ನೀಲಿಗಟ್ಟಿದ್ದರೆ, ಬೆರಳು ಅಥವಾ ಬೆಲ್ಟಿನ ಅಚ್ಚು ಮೂಡಿದ್ದರೆ, ಇಲ್ಲವೇ ಇನ್ನೂ ನಾಲ್ಕೈದು ತಿಂಗಳೂ ತುಂಬದ ಕೂಸಿಗೆ ಎಲ್ಲೇ ನೀಲಿಗಟ್ಟಿದ್ದರೂ, ಇನ್ನೊಮ್ಮೆ ವಿಚಾರಿಸಿ ಎನ್ನುತ್ತದೆ ಅದು. ಮಗುಚಿಕೊಳ್ಳಲೂ ಬಾರದ ಕೂಸು ತಾನಾಗಿ ಪೆಟ್ಟು ಮಾಡಿಕೊಳ್ಳುವುದು ಕಷ್ಟ. ಆಡುವ ಮಗುವಿಗೆ ಮೊಣಕಾಲು, ಹಣೆ ತರಚುತ್ತದೆ, ಕಿವಿಯ ಹಿಂದೆ ಅಲ್ಲ. 2,161 ಮಕ್ಕಳ ಮೇಲೆ ಈ ನಿಯಮ ನೋಡಿದ 2021ರ ಅಧ್ಯಯನದಲ್ಲಿ, ಹಿಂಸೆಗೆ ಒಳಗಾದ ನೂರು ಮಕ್ಕಳಲ್ಲಿ 95 ಮಂದಿಯನ್ನು ಅದು ಗುರುತಿಸಿತು. ಹಿಂಸೆ ಇಲ್ಲದ ನೂರರಲ್ಲಿ 87 ಮಂದಿಯನ್ನು ಸರಿಯಾಗಿ ಬಿಟ್ಟಿತು. ಅಂದರೆ 13 ಮನೆಯವರನ್ನು ಸುಮ್ನೆ ಅನುಮಾನಿಸಿತು.

ಇಂಥ ಗುರುತುಗಳನ್ನು ನರ್ಸ್, ಡಾಕ್ಟರ್ ಬರೆಯುವ ದಾಖಲೆಯಿಂದ ಕಂಪ್ಯೂಟರೇ ಹೆಕ್ಕಿ ಎಚ್ಚರಿಸುವ ವ್ಯವಸ್ಥೆ ಅಮೆರಿಕದ ಪಿಟ್ಸ್‌ಬರ್ಗ್‌ನಂಥ ಕಡೆ ಬಂದಿದೆ. ಇದು ಒಳ್ಳೆಯದೇ. ರಾತ್ರಿ ಪಾಳಿಯಲ್ಲಿ ಸುಸ್ತಾದ ಡಾಕ್ಟರ್ ಮರೆಯಬಹುದು, ಕಂಪ್ಯೂಟರ್ ಮರೆಯಲ್ಲ. ಮತ್ತೆ ಮನೆಯವರ ಬಟ್ಟೆ, ಜಾತಿ, ಮಾತು ನೋಡಿ ಅನುಮಾನ ಪಡುವ ಚಾಳಿ ಮನುಷ್ಯರಿಗಿದೆ. ಒಂದೇ ನಿಯಮವನ್ನು ಎಲ್ಲರಿಗೂ ಹಿಡಿದರೆ ಅದು ಸ್ವಲ್ಪ ಕಮ್ಮಿಯಾಗುತ್ತದೆ.

ಆದರೆ ನಮ್ಮ ಮಕ್ಕಳ ಮೈ ನೋಡಿ ಕಲಿಯದ ಯಂತ್ರ ನಮಗೆ ಅಪಾಯ. ನಮ್ಮಲ್ಲಿ ಹುಟ್ಟಿದ ಕೂಸುಗಳ ಸೊಂಟ, ಕುಂಡೆಯ ಮೇಲೆ ನೀಲಿ ಬೂದು ಬಣ್ಣದ ಮಚ್ಚೆ ಇರುವುದು ಬಹಳ ಸಾಮಾನ್ಯ. ಬೆಳೆಯುತ್ತ ಮಾಸುತ್ತದೆ. ಫೋಟೋದಲ್ಲಿ ಅದು ಹೊಡೆದ ಗುರುತಿನಂತೆಯೇ ಕಾಣುತ್ತದೆ. ಪರದೇಶಗಳಲ್ಲಿ ಡಾಕ್ಟರುಗಳೇ ಇದನ್ನು ಪೆಟ್ಟು ಎಂದು ತಪ್ಪು ತಿಳಿದದ್ದಿದೆ. ಇನ್ನೊಂದು ಕಡೆ, ಕಪ್ಪು ಮೈ ಬಣ್ಣದಲ್ಲಿ ನಿಜವಾದ ನೀಲಿಗಟ್ಟು ಸರಿಯಾಗಿ ಕಾಣುವುದೇ ಇಲ್ಲ. ಜೊತೆಗೆ ನಮ್ಮ ಕೆಲವು ಜಿಲ್ಲೆಗಳಲ್ಲಿ ಕಾಯಿಲೆ ಹೋಗಲಿ ಎಂದು ಕೂಸಿಗೆ ಬರೆ ಹಾಕುವುದು ಇನ್ನೂ ಇದೆ. ಅದು ನಿಲ್ಲಲೇಬೇಕಾದ ಹಿಂಸೆ. ಆದರೆ ದ್ವೇಷಕ್ಕೆ ಸುಟ್ಟವರು, ಮಗು ಉಳಿಯಲಿ ಎಂದು ಅಳುತ್ತ ಸುಟ್ಟವರು ಇಬ್ಬರ ಹತ್ತಿರವೂ ಒಂದೇ ರೀತಿ ಮಾತಾಡಲು ಆಗದು. ಆ ವ್ಯತ್ಯಾಸ ತಿಳಿಯುವುದು ಎದುರು ಕೂತು ಕೇಳಿದ ಡಾಕ್ಟರಿಗೆ, ಆಶಾ ಕಾರ್ಯಕರ್ತೆಗೆ.

ಹಾಗಾದರೆ ನಮ್ಮ ಮಕ್ಕಳ ದಾಖಲೆ ಕೊಟ್ಟು ಯಂತ್ರಕ್ಕೆ ಕಲಿಸೋಣ ಎಂದರೆ, ಇಲ್ಲೇ ನಿಜವಾದ ಇಕ್ಕಟ್ಟು. ಈ ದಾಖಲೆಗಳಿಗಿಂತ ಗುಟ್ಟಾಗಿ ಇಡಬೇಕಾದದ್ದು ಬೇರೇನೂ ಇಲ್ಲ.

ಹೆಸರು ಅಳಿಸಿದರೆ ಸಾಕು ಅನ್ನುವವರಿದ್ದಾರೆ. ಸಾಲದು. "ಆರು ವರ್ಷದ ಹುಡುಗಿ, ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಾರೆ, ತಂದೆ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ, ಚಿಕ್ಕಪ್ಪನ ಮನೆಯಲ್ಲಿ ವಾಸ" ಎಂದು ಒಂದು ದಾಖಲೆಯಲ್ಲಿದೆ ಎಂದುಕೊಳ್ಳಿ. ಹೆಸರಿಲ್ಲ, ವಿಳಾಸ ಇಲ್ಲ. ಆ ತಾಲ್ಲೂಕಿನವರು ಓದಿದರೆ ಯಾರು ಎಂದು ಹೇಳಲು ಒಂದು ಗಳಿಗೆ ಸಾಕು. ಒಂದು ಊರಿಗೆ ಒಬ್ಬರೇ ಡೇರಿ ಕಾರ್ಯದರ್ಶಿ ಅಲ್ವಾ?

ಹಾಗಾಗಿ ಈಗ ಬೇರೆ ದಾರಿ ಹುಡುಕಿದ್ದಾರೆ. ದಾಖಲೆಗಳನ್ನು ಒಂದೆಡೆ ಸೇರಿಸುವ ಬದಲು ಯಂತ್ರವನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಕಳಿಸುವುದು. ಫೆಡರೇಟೆಡ್ ಲರ್ನಿಂಗ್ ಎನ್ನುತ್ತಾರೆ. ಅಡುಗೆ ಕಲಿಯುವ ಹುಡುಗಿ ನಾಲ್ಕು ಮನೆಗೆ ಹೋಗಿ ಅಲ್ಲಲ್ಲೇ ನಿಂತು ಸಾರು ಮಾಡಿ ಬಂದ ಹಾಗೆ. ಯಾರ ಮನೆಯ ಡಬ್ಬಿಯನ್ನೂ ಹೊತ್ತು ತರುವುದಿಲ್ಲ. ಕೈಗೆ ಬಂದ ಹದ ಮಾತ್ರ ತರುತ್ತಾಳೆ. ದಾಖಲೆ ಆಸ್ಪತ್ರೆಯ ಗೋಡೆ ದಾಟುವುದೇ ಇಲ್ಲ.

ಇದರಲ್ಲೂ ಸೋರಿಕೆ ಇದೆ. ಒಂದೇ ಮನೆಯಲ್ಲಿ ಬಳಸುವ ಅಪರೂಪದ ಮಸಾಲೆ ಆ ಹದದಲ್ಲಿ ಸೇರಿಬಿಟ್ಟರೆ, ಗೊತ್ತಿರುವವರು ಇದು ಇಂಥವರ ಮನೆಯದು ಎಂದು ಹಿಡಿಯಬಹುದು. ಯಂತ್ರವೂ ಅಪರೂಪದ ಪ್ರಕರಣವನ್ನು ಹಾಗೇ ಬಾಯಿಪಾಠ ಮಾಡಿಬಿಡುತ್ತದೆ. ಅದನ್ನು ತಪ್ಪಿಸಲು ಕಲಿಯುವಾಗಿನ ಲೆಕ್ಕಕ್ಕೆ ಬೇಕೆಂದೇ ಸ್ವಲ್ಪ ಏರುಪೇರು ಬೆರೆಸುತ್ತಾರೆ. ಯಾವ ಒಬ್ಬ ಮಗುವಿನ ಗುರುತೂ ಎದ್ದು ಕಾಣದಷ್ಟು. ಆದರೆ ಏರುಪೇರು ಜಾಸ್ತಿಯಾದರೆ ಅಪರೂಪದ ಲಕ್ಷಣಗಳೇ ಮುಚ್ಚಿಹೋಗುತ್ತವೆ, ಮತ್ತು ದೌರ್ಜನ್ಯ ಬಯಲಾಗುವುದು ಹೆಚ್ಚಾಗಿ ಅಂಥ ಅಪರೂಪದ ಲಕ್ಷಣಗಳಿಂದಲೇ. ಎಷ್ಟು ಬೆರೆಸಬೇಕು ಎನ್ನುವುದನ್ನು ಎಂಜಿನಿಯರುಗಳಿಗೆ ಮಾತ್ರ ಬಿಡುವುದು ಸರಿಯಲ್ಲ. ಮಕ್ಕಳ ಡಾಕ್ಟರು, ಆಪ್ತ ಸಮಾಲೋಚಕರು ಆ ಕೋಣೆಯಲ್ಲಿ ಇರಬೇಕು.

ಗುಟ್ಟು ಎಂದಾಗ ನಾವು ಹೊರಗಿನವರಿಂದ ಮುಚ್ಚಿಡುವುದನ್ನೇ ಯೋಚಿಸುತ್ತೇವೆ. ಇಲ್ಲಿ ಕೆಲವೊಮ್ಮೆ ಮನೆಯವರಿಂದಲೇ ಮುಚ್ಚಿಡಬೇಕು. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಡಾಕ್ಟರ್ ಬರೆದದ್ದು ರೋಗಿಗೆ ತಡವಿಲ್ಲದೆ ಸಿಗಬೇಕೆಂಬ ನಿಯಮ ಬಂತು. ಆಸ್ಪತ್ರೆಯ ಆನ್‌ಲೈನ್ ದಾಖಲೆಯಲ್ಲಿ ಚಿಕ್ಕ ಮಗುವಿನ ಖಾತೆ ನೋಡುವವರು ತಂದೆ ತಾಯಿ. "ಗಾಯದ ಬಗ್ಗೆ ಅನುಮಾನ ಇದೆ" ಎಂದು ಡಾಕ್ಟರ್ ಬರೆದದ್ದು ಹೊಡೆದವರ ಫೋನಿನಲ್ಲೇ ಟಿಣ್ ಎಂದು ಬಂದರೆ ಆ ರಾತ್ರಿ ಮಗುವಿನ ಗತಿ ಏನು? ಹಾನಿಯಾಗುವಂತಿದ್ದರೆ ತಡೆಹಿಡಿಯಬಹುದು ಎಂಬ ವಿನಾಯಿತಿ ಆ ನಿಯಮದಲ್ಲಿದೆ, ಆದರೆ ಯಾರಾದರೂ ನೆನಪಿಟ್ಟು ಆ ಗುಂಡಿ ಒತ್ತಬೇಕು. ನಮ್ಮಲ್ಲೂ ಆರೋಗ್ಯ ದಾಖಲೆ ಡಿಜಿಟಲ್ ಆಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತದೆ. ಮಗುವಿನ ಆರೋಗ್ಯ ಕಾಪಾಡಲು ಬೇಕಾದಷ್ಟರ ಮಟ್ಟಿಗೆ ಆಸ್ಪತ್ರೆಗಳಿಗೆ ಇದರಿಂದ ವಿನಾಯಿತಿ ಕೊಟ್ಟಿದ್ದಾರೆ. ಅದು ಇರಲೇಬೇಕಿತ್ತು. ಹೊಡೆದವರ ಒಪ್ಪಿಗೆ ಕೇಳಿಕೊಂಡು ಮಗುವನ್ನು ಕಾಪಾಡಲು ಆಗುತ್ತದೆಯೇ?

ಈ ಇಡೀ ಗೊಂದಲದಲ್ಲಿ ನನಗೆ ಬಹಳ ಹಿಡಿಸಿದ ದಾರಿ ನಮ್ಮ ಸುಪ್ರೀಂ ಕೋರ್ಟ್ ತೋರಿಸಿದ್ದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ. ಇದರ ಭಯಕ್ಕೆ, ಇಷ್ಟಪಟ್ಟ ಹುಡುಗನಿಂದ ಗರ್ಭಿಣಿಯಾದ ಹದಿನೇಳರ ಹುಡುಗಿಯರು ಆಸ್ಪತ್ರೆಗೇ ಬರುತ್ತಿರಲಿಲ್ಲ, ಯಾರ ಯಾರ ಹತ್ತಿರವೋ ಗರ್ಭಪಾತಕ್ಕೆ ಹೋಗುತ್ತಿದ್ದರು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಕೋರ್ಟ್ ಹೇಳಿತು: ಡಾಕ್ಟರ್ ಪೊಲೀಸರಿಗೆ ವಿಷಯ ತಿಳಿಸಬೇಕು, ಆದರೆ ಆ ಹುಡುಗಿ ಮತ್ತು ಅವಳ ಪೋಷಕರು ಕೋರಿದರೆ ಅವಳ ಗುರುತು ಹೇಳಬೇಕಾಗಿಲ್ಲ. ವಿಷಯ ಒಂದು ದಾರಿ, ಗುರುತು ಒಂದು ದಾರಿ. ಎಐ ಕಟ್ಟುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಯಂತ್ರ ಅನುಮಾನಪಟ್ಟರೆ ಅದು ಮೊದಲು ಆ ಮಗುವನ್ನು ನೋಡುತ್ತಿರುವ ಡಾಕ್ಟರಿಗೆ ಮಾತ್ರ ಗೊತ್ತಾಗಲಿ. ಅವರು ಮಗುವನ್ನು ಮುಟ್ಟಿ ನೋಡಿ, ಮನೆಯವರನ್ನು ಕೇಳಿ, ಹೌದು ಅನ್ನಿಸಿದರೆ ಮುಂದಕ್ಕೆ ಹೋಗಲಿ. ಅಲ್ಲ ಅನ್ನಿಸಿದರೆ ಆ ಅನುಮಾನ ಮಗುವಿನ ದಾಖಲೆಗೆ ಅಂಟಿಕೊಂಡು ಊರೂರು ತಿರುಗಬಾರದು.

ಕಂಪನಿಗಳಿಗೂ ಇದೇ ಮಾತು. ಎಐ ಹೊಸ ಚಿತ್ರವೊಂದನ್ನು ಹಿಡಿದರೆ ಎದುರಿನವರನ್ನು ಕೇಳಲು ಒಂದು ದಾರಿ ಇರಬೇಕು, ಡಾಕ್ಟರ ಚೀಟಿ ತೋರಿಸಲು ಜಾಗ ಇರಬೇಕು, ತಪ್ಪಿಲ್ಲ ಎಂದು ಪೊಲೀಸರು ಹೇಳಿದ ಮೇಲೆ ಖಾತೆ ವಾಪಸ್ ಬರಬೇಕು. 2021ರಲ್ಲಿ ಇಂಥ ಚಿತ್ರಗಳ ಕಾರಣಕ್ಕೆ ಗೂಗಲ್ ಮುಚ್ಚಿದ್ದು 2.7 ಲಕ್ಷಕ್ಕೂ ಹೆಚ್ಚು ಖಾತೆ. ಅವುಗಳಲ್ಲಿ ಹೆಚ್ಚಿನವು ಮುಚ್ಚಬೇಕಾದವೇ ಇರಬಹುದು. ಅಲ್ಲದವರು ಹೋಗಿ ಹೇಳಿಕೊಳ್ಳಲು ಒಂದು ಬಾಗಿಲು ಬೇಡವೇ?

ನಾವು ಮಾಡಬಹುದಾದ್ದೂ ಸ್ವಲ್ಪ ಇದೆ. ಡಾಕ್ಟರ್ ಫೋಟೋ ಕೇಳಿದರೆ ಖಂಡಿತ ಕಳಿಸಿ, ಹೆದರಿ ಮಗುವಿನ ಚಿಕಿತ್ಸೆ ತಡ ಮಾಡಬೇಡಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸಾಪ್‌ನಲ್ಲಿ ಡಾಕ್ಟರ್ ನೋಡುವುದನ್ನು ಒಪ್ಪುತ್ತದೆ. ಆಸ್ಪತ್ರೆಯದೇ ಆ್ಯಪ್ ಇದ್ದರೆ ಅದರಲ್ಲೇ ಕಳಿಸಿ. ವಿಡಿಯೋ ಕರೆಯಲ್ಲಿ ತೋರಿಸಿದರೆ ಆಗುತ್ತದಾ ಎಂದು ಕೇಳಿ, ಎಷ್ಟೋ ಸಲ ಆಗುತ್ತದೆ. ಫೋಟೋ ತೆಗೆಯುವ ಮೊದಲು ಬ್ಯಾಕಪ್, ಅಂದರೆ ಫೋಟೋ ತಾನಾಗಿ ಕ್ಲೌಡ್‌ಗೆ ಹೋಗುವುದನ್ನು, ಆಫ್ ಮಾಡಿ. ಗಾಯದ ಜಾಗ ಮಾತ್ರ ಬರಲಿ, ಮುಖ ಬೇಡ. ಡಾಕ್ಟರ ಜೊತೆಗಿನ ಮಾತುಕತೆಯನ್ನು ಅಳಿಸಬೇಡಿ, ಯಾಕೆ ತೆಗೆದಿರಿ ಎಂಬುದಕ್ಕೆ ಅದೇ ಸಾಕ್ಷಿ. ಹುಷಾರಾದ ಮೇಲೆ ಫೋಟೋ ಅಳಿಸಿ, ಕಸದ ಬುಟ್ಟಿಯ ಫೋಲ್ಡರಿನಿಂದಲೂ ಅಳಿಸಿ ಬ್ಯಾಕಪ್ ಮತ್ತೆ ಆನ್ ಮಾಡಿ. ನಾನು ಈಗ ಹೀಗೇ ಮಾಡುತ್ತೇನೆ. ಎರೆಯುವ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಆಲ್ಬಮ್‌ಗೆ ಅಂಟಿಸಿದ್ದೇನೆ.

ಇನ್ನು ಯಾವುದೋ ಮಗುವನ್ನು ಹಿಂಸಿಸುವ ವಿಡಿಯೋ ನಿಮ್ಮ ಗುಂಪಿಗೆ ಬಂದು, "ಇವನನ್ನು ಹಿಡಿಯುವವರೆಗೂ ಶೇರ್ ಮಾಡಿ" ಎಂದಿದ್ದರೆ ದಯವಿಟ್ಟು ಯಾರಿಗೂ ಕಳಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರ ಕಳಿಸುವುದು ಕಾನೂನಿನಲ್ಲಿ ಅಪರಾಧ, ಉದ್ದೇಶ ಒಳ್ಳೆಯದಿದ್ದರೂ ಆ ಮಗುವಿನ ಮುಖ ಊರೆಲ್ಲ ಹರಡುತ್ತದೆ. ಸರ್ಕಾರದ ಸೈಬರ್ ಕ್ರೈಮ್ ಜಾಲತಾಣದಲ್ಲಿ ನಿಮ್ಮ ಹೆಸರು ಹೇಳದೆಯೂ ದೂರು ಕೊಡಬಹುದು. ಪಕ್ಕದ ಮನೆಯ ಮಗುವಿನ ಬಗ್ಗೆ ಅನುಮಾನ ಬಂದರೆ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕಾಸು ಕೊಡಬೇಕಿಲ್ಲ. ಆ ಕಡೆಯಿಂದ ಒಬ್ಬ ಮನುಷ್ಯರು ಎತ್ತಿಕೊಂಡು, ಏನಾಯಿತು ಎಂದು ಮೊದಲು ಕೇಳುತ್ತಾರೆ.